ಬರ್ಕ್ಲಿಯ ರೇಡಿಯೋ ಅಂಗಡಿ ಹುಡುಗ, ಈಜಿಪ್ಟಿನ ಮಣ್ಣಲ್ಲಿ ಹೂತ ಪುಸ್ತಕ

ಬ್ಲೇಡ್ ರನ್ನರ್, ಟೋಟಲ್ ರೀಕಾಲ್, ಮೈನಾರಿಟಿ ರಿಪೋರ್ಟ್. ಈ ಮೂರು ಸಿನಿಮಾಗಳಲ್ಲಿ ಒಂದನ್ನಾದರೂ ನಮ್ಮಲ್ಲಿ ಬಹಳ ಜನ ನೋಡಿರ್ತೀರಿ. ಮೂರೂ ಒಬ್ಬನೇ ಲೇಖಕನ ಕಥೆಗಳಿಂದ ಬಂದವು. ಅವನ ಹೆಸರು ಫಿಲಿಪ್ ಕೆ. ಡಿಕ್. ನಮ್ಮ ಬೇ ಏರಿಯಾದಲ್ಲೇ ಬೆಳೆದವನು. ಬರ್ಕ್ಲಿ, ಪಾಯಿಂಟ್ ರೇಯಸ್ ಸ್ಟೇಷನ್, ಓಕ್ಲೆಂಡ್, ಸ್ಯಾನ್ ರಫೇಲ್, ಇಷ್ಟೂ ಕಡೆ ಸಂಸಾರ ಮಾಡಿದವನು. ಆದರೆ ಇಲ್ಲಿ ಹೇಳೋಕೆ ಹೊರಟಿರೋದು ಸಿನಿಮಾ ವಿಷಯ ಅಲ್ಲ. ಇವನ ಕೊನೆಯ ಎಂಟು ವರ್ಷ ಒಂದು ಹಳೇ ಪ್ರಶ್ನೆಯ ಹಿಂದೆ ಹೋಯಿತು. ಹೆಚ್ಚುಕಮ್ಮಿ 1,800 ವರ್ಷಗಳ ಹಿಂದೆ ನಾಸ್ಟಿಕರು ಅನ್ನೋ ಪಂಗಡಗಳು ಕೇಳಿದ್ದ ಪ್ರಶ್ನೆ ಅದು.

ನಾಸ್ತಿಕ ಅಂತ ಓದಿಕೊಳ್ಳಬೇಡಿ, ನಾಸ್ಟಿಕ. ಕೇಳೋಕೆ ಒಂದೇ ಥರ ಇದ್ದರೂ ಅರ್ಥ ಪೂರ್ತಿ ಬೇರೆ. ಗ್ರೀಕಿನ ನೋಸಿಸ್ ಅನ್ನೋ ಪದದಿಂದ ಬಂದ ಹೆಸರಿದು. ಆ ಪದಕ್ಕೂ ನಮ್ಮ ಜ್ಞಾನ ಅನ್ನೋ ಪದಕ್ಕೂ ಬೇರು ಒಂದೇ.

1928ರ ಡಿಸೆಂಬರ್ 16ರಂದು ಶಿಕಾಗೋದಲ್ಲಿ ದಿನ ತುಂಬೋ ಮೊದಲೇ ಅವಳಿ ಮಕ್ಕಳು ಹುಟ್ಟಿದವು. ಗಂಡು ಫಿಲಿಪ್, ಹೆಣ್ಣು ಜೇನ್. ಆರು ವಾರ ಕಳೆಯೋದರೊಳಗೆ, 1929ರ ಜನವರಿ 26ರಂದು, ಜೇನ್ ತೀರಿಕೊಂಡಳು. ಕೊಲೊರಾಡೊ ರಾಜ್ಯದ ಫೋರ್ಟ್ ಮಾರ್ಗನ್‌ನಲ್ಲಿ ಮಣ್ಣು ಮಾಡಿದರು. ಕಲ್ಲಿನ ಮೇಲೆ ಸತ್ತ ಮಗಳ ಹೆಸರಿನ ಪಕ್ಕದಲ್ಲೇ ಬದುಕಿದ್ದ ಮಗನ ಹೆಸರನ್ನೂ ಕೆತ್ತಿಸಿ, ಅವನು ಸಾಯೋ ತಾರೀಖಿನ ಜಾಗ ಖಾಲಿ ಬಿಟ್ಟರು. ತಾನು ಉಳಿದೆ, ಅವಳು ಹೋದಳು ಅನ್ನೋ ಕೊರಗು ಇವನನ್ನು ಸಾಯೋವರೆಗೂ ಬಿಡಲಿಲ್ಲ.

ಅಪ್ಪ ಅಮ್ಮ ಬೇರೆಯಾದ ಮೇಲೆ ಬರ್ಕ್ಲಿಯಲ್ಲಿ ತಾಯಿ ಹತ್ತಿರ ಬೆಳೆದ. 1947ರಲ್ಲಿ ಬರ್ಕ್ಲಿ ಹೈಸ್ಕೂಲ್ ಮುಗಿಸಿದ. ಮುಂದೆ ಹೆಸರಾಂತ ಲೇಖಕಿಯಾದ ಅರ್ಸುಲಾ ಲೆಗ್ವಿನ್ ಕೂಡ ಅದೇ ವರ್ಷ ಅಲ್ಲೇ ಓದು ಮುಗಿಸಿದವರು. ಆದರೂ ಒಬ್ಬರಿಗೊಬ್ಬರ ಪರಿಚಯ ಇರ್ಲಿಲ್ಲ. ಯೂನಿವರ್ಸಿಟಿಗೆ ಸೇರಿದ, ಕೆಲವೇ ವಾರದಲ್ಲಿ ಬಿಟ್ಟ. ಅವನ ನಿಜವಾದ ಕಾಲೇಜು ಅಂದ್ರೆ ಹರ್ಬ್ ಹಾಲಿಸ್ ಅನ್ನೋ ಯಜಮಾನನ ಯೂನಿವರ್ಸಿಟಿ ರೇಡಿಯೋ ಮತ್ತು ಆರ್ಟ್ ಮ್ಯೂಸಿಕ್ ಅಂಗಡಿಗಳು. ರೇಡಿಯೋ, ಗ್ರಾಮಫೋನ್ ಪ್ಲೇಟು ಮಾರೋದು, ಕೆಟ್ಟ ಸೆಟ್ಟು ರಿಪೇರಿಗೆ ತಗೊಳ್ಳೋದು. ಹೊರಗೆ ಡಬ್ಬ ಚೆನ್ನಾಗೇ ಇರುತ್ತೆ, ಒಳಗೆ ಎಲ್ಲೋ ಒಂದು ಕಡೆ ಕೈಕೊಟ್ಟಿರುತ್ತೆ. ಅವನ ಮುಂದಿನ ಕಥೆಗಳೆಲ್ಲ ಹೀಗೇ. ಕಣ್ಣಿಗೆ ಕಾಣೋ ಲೋಕ ಒಂದು, ಒಳಗಿರೋದು ಇನ್ನೊಂದು.

1951ರಲ್ಲಿ ಮೊದಲ ಕಥೆಗೆ ದುಡ್ಡು ಬಂತು. ಕೊಂಡವರು ಬರ್ಕ್ಲಿಯಲ್ಲೇ ಇದ್ದ ಸಂಪಾದಕ ಆಂಥೊನಿ ಬೌಚರ್. ಆದರೆ ಕಥೆ ಬರೆದು ಹೊಟ್ಟೆ ತುಂಬೋದು ಅಷ್ಟು ಸುಲಭ ಇರ್ಲಿಲ್ಲ. ಸಾಕುಪ್ರಾಣಿಗಳ ಅಂಗಡಿಯಿಂದ ಕುದುರೆ ಮಾಂಸ ತಂದು ತಿಂದ ದಿನಗಳನ್ನು ಅವನೇ ಬರೆದುಕೊಂಡಿದ್ದಾನೆ. 1962ರ ದಿ ಮ್ಯಾನ್ ಇನ್ ದ ಹೈ ಕ್ಯಾಸಲ್ ಕಾದಂಬರಿಗೆ ಮರುವರ್ಷ ಹ್ಯೂಗೊ ಪ್ರಶಸ್ತಿ ಬಂದರೂ ಸಾಲ ತೀರಲಿಲ್ಲ. ರಾತ್ರಿಯೆಲ್ಲ ಎಚ್ಚರ ಇದ್ದು ಬರೆಯೋಕೆ ಆಂಫೆಟಮಿನ್ ಮಾತ್ರೆ ನುಂಗುತ್ತಿದ್ದ. ಐದು ಮದುವೆ ಆದವು, ಐದೂ ಮುರಿದವು.

ಪಾಯಿಂಟ್ ರೇಯಸ್‌ನಲ್ಲಿದ್ದಾಗ ಒಂದು ದಿನ ಆಕಾಶದಲ್ಲಿ ಲೋಹದ ದೊಡ್ಡ ಕ್ರೂರ ಮುಖ ಕಂಡು ಹೆದರಿಹೋದ. ಆಮೇಲೆ ಎಪಿಸ್ಕೋಪಲ್ ಚರ್ಚಿನಲ್ಲಿ ದೀಕ್ಷಾಸ್ನಾನ ಪಡೆದ. ಮುಂದೆ ಸ್ಯಾನ್ ಫ್ರಾನ್ಸಿಸ್ಕೋದ ಗ್ರೇಸ್ ಕೆಥೀಡ್ರಲ್‌ನ ಬಿಷಪ್ ಜೇಮ್ಸ್ ಪೈಕ್ ಇವನಿಗೆ ಸ್ನೇಹಿತರಾದರು. ಪೈಕ್ ಸಾಮಾನ್ಯ ಬಿಷಪ್ ಅಲ್ಲ. ತಂದೆ, ಮಗ, ಪವಿತ್ರಾತ್ಮ ಅನ್ನೋ ತ್ರಯೇಕ ಸಿದ್ಧಾಂತವನ್ನೇ ಬಹಿರಂಗವಾಗಿ ಪ್ರಶ್ನೆ ಮಾಡಿದವರು. 1966ರಲ್ಲಿ ಜೊತೆಯ ಬಿಷಪ್‌ಗಳೇ ಸೇರಿ ಖಂಡನೆ ಮಾಡಿದರು. ನಿಜವಾದ ಯೇಸುವನ್ನು ಹುಡುಕ್ತೀನಿ ಅಂತ 1969ರಲ್ಲಿ ಮೃತ ಸಮುದ್ರದ ಹತ್ತಿರದ ಮರುಭೂಮಿಗೆ ಹೋದ ಪೈಕ್, ಕಾರು ಸಿಕ್ಕಿಹಾಕಿಕೊಂಡು ಅಲ್ಲೇ ದಾರಿ ತಪ್ಪಿ ಸತ್ತರು. ಡಿಕ್‌ನ ಕೊನೆಯ ಕಾದಂಬರಿಯ ಬಿಷಪ್ ಇವರ ಪಡಿಯಚ್ಚು.

1972ರಲ್ಲಿ ಡಿಕ್ ಬೇ ಏರಿಯಾ ಬಿಟ್ಟು ದಕ್ಷಿಣದ ಫುಲರ್ಟನ್‌ಗೆ ಹೋದ. 1974ರ ಫೆಬ್ರವರಿ 20ರಂದು ಹಲ್ಲು ಕೀಳಿಸಿಕೊಂಡು ನೋವಲ್ಲಿ ಮಲಗಿದ್ದ. ಔಷಧಿ ಅಂಗಡಿಯಿಂದ ಮಾತ್ರೆ ತಂದ ಹುಡುಗಿಯ ಕತ್ತಲ್ಲಿ ಮೀನಿನ ಪದಕ. ಆದಿ ಕ್ರೈಸ್ತರ ಗುರುತು ಅದು ಅಂತ ಅವಳು ಹೇಳಿದ ಕೂಡಲೇ ತಾನು ರೋಮನ್ ಕಾಲದಲ್ಲಿ ಅಡಗಿ ಬದುಕುತ್ತಿರೋ ಕ್ರೈಸ್ತ ಅಂತ ಇವನಿಗೆ ಅನ್ನಿಸಿತು. ಮುಂದಿನ ವಾರಗಳಲ್ಲಿ ಗುಲಾಬಿ ಬೆಳಕು ಕಂಡಿತು, ಗೊತ್ತಿಲ್ಲದ ಭಾಷೆ ಕಿವಿಗೆ ಬಿತ್ತು. ರೋಮ್ ಸಾಮ್ರಾಜ್ಯ ಮುಗಿದೇ ಇಲ್ಲ, ನಾವೆಲ್ಲ ಈಗಲೂ ಕಬ್ಬಿಣದ ಜೈಲಿನಲ್ಲಿದ್ದೀವಿ ಅಂತ ಅನ್ನಿಸತೊಡಗಿತು. ಇದು ದೈವವೋ, ಮಾತ್ರೆಯೋ, ತಲೆ ಕೆಟ್ಟಿದ್ದೋ? ಈ ಮೂರನ್ನೂ ತಾನೇ ಕೇಳಿಕೊಂಡು ಸುಮಾರು 8,000 ಪುಟ ಬರೆದ. ಇವತ್ತು ಕಟ್ಟಿದ ಸಿದ್ಧಾಂತವನ್ನು ನಾಳೆ ತಾನೇ ಕೆಡವುತ್ತಿದ್ದ. ಆ ಬರಹದ ಒಂದು ಆಯ್ಕೆ ದಿ ಎಕ್ಸಿಜೆಸಿಸ್ ಹೆಸರಿನಲ್ಲಿ 2011ರಲ್ಲಿ ಪುಸ್ತಕವಾಯಿತು.

ಈ ಹುಡುಕಾಟದಲ್ಲೇ ನಾಸ್ಟಿಕರು ಅವನ ಕೈಗೆ ಸಿಕ್ಕಿದ್ದು. 1945ರ ಡಿಸೆಂಬರ್‌ನಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿ ಊರಿನ ಹತ್ತಿರ ರೈತರಿಗೆ ಮಣ್ಣಿನ ಗಡಿಗೆಯೊಂದು ಸಿಕ್ಕಿತು. ಒಳಗೆ ಚರ್ಮದ ರಟ್ಟಿನ, ಪಪೈರಸ್ ಹಾಳೆಯ ಹೊತ್ತಗೆಗಳು. ಭಾಷೆ ಕಾಪ್ಟಿಕ್, ಬರೆದಿದ್ದು ನಾಲ್ಕನೇ ಶತಮಾನದಲ್ಲಿ, ಒಟ್ಟು 50ಕ್ಕೂ ಹೆಚ್ಚು ಕೃತಿಗಳು. ಕ್ಯಾಲಿಫೋರ್ನಿಯಾದ ಕ್ಲೇರ್‌ಮಾಂಟ್‌ನಲ್ಲಿದ್ದ ವಿದ್ವಾಂಸ ಜೇಮ್ಸ್ ರಾಬಿನ್‌ಸನ್ ಅವರ ತಂಡ 1977ರಲ್ಲಿ ಎಲ್ಲವನ್ನೂ ಇಂಗ್ಲಿಷಿಗೆ ತಂದಿತು. 1981ರ ವಾಲಿಸ್ ಕಾದಂಬರಿಯಲ್ಲಿ ಡಿಕ್ ಈ ಗಡಿಗೆಯನ್ನೇ ಕಥೆಯೊಳಗೆ ತಂದ. ಸತ್ಯ ಅನ್ನೋದು ಜೀವ ಇರೋ ವಸ್ತುವಾಗಿ ಆ ಹಾಳೆಗಳಲ್ಲಿ ಮಲಗಿತ್ತು, 1945ರಲ್ಲಿ ಎದ್ದಿತು ಅನ್ನೋ ಕಲ್ಪನೆ.

ಅಸಲಿಗೆ ನಾಸ್ಟಿಕರು ಹೇಳಿದ್ದೇನು? ಪಂಗಡ ಹಲವು, ಆದರೆ ತಿರುಳು ಹೆಚ್ಚುಕಮ್ಮಿ ಹೀಗೆ. ಪರಮದೇವರು ಬಹಳ ದೂರ ಇದ್ದಾನೆ. ಈ ಲೋಕ ಮಾಡಿದವನು ಅವನಲ್ಲ, ಅವನಿಗಿಂತ ಕೆಳಗಿನ, ಅರೆಬರೆ ತಿಳಿದ ಒಬ್ಬ ಕರ್ತೃ. ಸೋಫಿಯಾ, ಅಂದ್ರೆ ವಿವೇಕ ಅನ್ನೋ ದೈವಶಕ್ತಿ, ತನ್ನ ಜೋಡಿಯನ್ನು ಬಿಟ್ಟು ಒಬ್ಬಳೇ ಹೊರಟಿದ್ದಕ್ಕೆ ಆ ಕರ್ತೃ ಹುಟ್ಟಿದ. ನಮ್ಮೊಳಗೆ ಮೇಲಿನ ಬೆಳಕಿನ ಒಂದು ಕಿಡಿ ಸಿಕ್ಕಿಕೊಂಡಿದೆ. ಅದು ಎಲ್ಲಿಂದ ಬಂತು ಅಂತ ನೆನಪಾಗೋದೇ ಬಿಡುಗಡೆ. ನಮ್ಮ ಮಾಯಾವಾದದ ಹಾಗೆ ಕೇಳಿಸುತ್ತೆ. ಆದರೆ ಶಂಕರರ ಮಾಯೆಯ ಹಿಂದೆ ಇಂಥ ಕೆಟ್ಟ ಕರ್ತೃ ಯಾರೂ ಇಲ್ಲ.

ಇನ್ನು ಜನರ ಬಾಯಲ್ಲಿ ಓಡಾಡೋ ಕಥೆ ನೋಡಿ. ಡಾ ವಿಂಚಿ ಕೋಡ್ ಬಂದ ಮೇಲಂತೂ ಇದು ವಾಟ್ಸಾಪ್‌ವರೆಗೂ ಬಂದಿದೆ. 325ರ ನೈಸೀಯ ಸಭೆಯಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಬೈಬಲ್ಲಿಗೆ ಯಾವ ಪುಸ್ತಕ ಅಂತ ತೀರ್ಮಾನ ಮಾಡಿ, ಯೇಸು ಮನುಷ್ಯ ಅಂತ ಹೇಳಿದ ನಾಸ್ಟಿಕ್ ಸುವಾರ್ತೆಗಳನ್ನು ಮುಚ್ಚಿಟ್ಟ ಅಂತ. ಆ ಸಭೆ ಸೇರಿದ್ದು ಮುಖ್ಯವಾಗಿ ಅರಿಯಸ್ ಅನ್ನೋ ಪಾದ್ರಿ ಎಬ್ಬಿಸಿದ ವಾದಕ್ಕೆ, ಜೊತೆಗೆ ಈಸ್ಟರ್ ದಿನ ಗೊತ್ತು ಮಾಡೋಕೆ. ಪುಸ್ತಕಗಳ ಪಟ್ಟಿ ಅಲ್ಲಿ ಆಗಲಿಲ್ಲ. ಸುವಾರ್ತೆ ನಾಲ್ಕೇ ಅಂತ ಲಿಯೋನ್‌ನ ಬಿಷಪ್ ಐರೇನಿಯಸ್ ಸುಮಾರು 180ರಲ್ಲೇ ವಾದಿಸಿದ್ದ. ಹೊಸ ಒಡಂಬಡಿಕೆಯ 27 ಪುಸ್ತಕಗಳ ಪಟ್ಟಿ ಅಥನೇಸಿಯಸ್‌ನ 367ರ ಪತ್ರದಲ್ಲಿ ಸಿಗುತ್ತೆ.

ಯೇಸು ಬರೀ ಮನುಷ್ಯ ಅಂತ ನಾಸ್ಟಿಕರು ಹೇಳಿದರು ಅನ್ನೋದಂತೂ ತಲೆಕೆಳಗು. ಅವರಲ್ಲಿ ಅನೇಕರಿಗೆ ಯೇಸು ಎಷ್ಟು ದೈವ ಅಂದ್ರೆ, ಮಾಂಸದ ದೇಹವೇ ತೋರಿಕೆ. ಮಗ್ದಲದ ಮರಿಯಳ ಜೊತೆ ಮದುವೆ ಆಗಿತ್ತು ಅನ್ನೋಕೆ ಫಿಲಿಪ್ಪನ ಸುವಾರ್ತೆಯ ಮುತ್ತಿನ ಮಾತನ್ನು ತೋರಿಸ್ತಾರೆ. ಎಲ್ಲಿ ಮುತ್ತಿಟ್ಟ ಅನ್ನೋ ಪದದ ಜಾಗದಲ್ಲಿ ಹಾಳೆಗೆ ತೂತು ಬಿದ್ದಿದೆ, ಮದುವೆಯ ಮಾತು ಅಲ್ಲಿಲ್ಲ. ಹೆಂಗಸರ ವಿಷಯವೂ ಸರಳ ಅಲ್ಲ. ಮರಿಯಳ ಸುವಾರ್ತೆ ಅವಳನ್ನು ಶಿಷ್ಯರಿಗಿಂತ ಮೇಲಿಡುತ್ತೆ. ತೋಮನ ಸುವಾರ್ತೆಯ 114ನೇ, ಕೊನೆಯ ನುಡಿಯಲ್ಲಿ ಹೆಣ್ಣು ಗಂಡಾಗಬೇಕು ಅಂತಿದೆ. ಇನ್ನು ಮೃತ ಸಮುದ್ರದ ಸುರುಳಿಗಳು ಬೇರೆಯೇ. ಅವು ಯೆಹೂದ್ಯರವು, ಅದರಲ್ಲಿ ಯೇಸುವಿನ ಹೆಸರೇ ಇಲ್ಲ.

ಹಾಗಾದರೆ ಬಚ್ಚಿಟ್ಟ ರಹಸ್ಯ ಏನೂ ಇಲ್ಲದಿದ್ದರೆ ಡಿಕ್‌ಗೆ ಅಲ್ಲಿ ಸಿಕ್ಕಿದ್ದೇನು? ನನಗನ್ನಿಸೋದು, ಜೇನ್ ಸಿಕ್ಕಿದಳು. ವಾಲಿಸ್‌ನ ಸೃಷ್ಟಿಕಥೆಯಲ್ಲಿ ಪರಮಾತ್ಮನಿಂದ ಎರಡು ಅವಳಿ ಲೋಕ ಹುಟ್ಟುತ್ತವೆ. ಒಂದು ಅವಸರಪಟ್ಟು, ದಿನ ತುಂಬೋ ಮೊದಲೇ ಹೊರಗೆ ಬಂದು ಊನವಾಗುತ್ತೆ. ನಾವಿರೋ ಈ ಕಷ್ಟದ ಲೋಕ ಅದರಿಂದಲೇ. ಆರು ವಾರದ ಕೂಸಿನ ಸಾವಿಗೆ ಒಬ್ಬ ಅಣ್ಣ ಕೊಟ್ಟುಕೊಂಡ ಉತ್ತರ ಇದು. ನಾಸ್ಟಿಕರ ಮೂಲ ಪ್ರಶ್ನೆಯೂ ಇಂಥದ್ದೇ: ದೇವರು ಒಳ್ಳೆಯವನಾದರೆ ಇಷ್ಟು ನೋವು ಯಾಕೆ? ಈ ಸಂಕಟವನ್ನು ಬರೀ ಪತ್ತೇದಾರಿ ಕಥೆ ಮಾಡಿದಾಗ ಅವರಿಗೂ ಅನ್ಯಾಯ, ಚರ್ಚಿಗೂ ಅನ್ಯಾಯ.

ನಮ್ಮಂಥ ದೂರ ಬಂದವರಿಗೆ ಹತ್ತಿರ ಅನ್ನಿಸೋ ಇನ್ನೊಂದು ಹಾಡಿದೆ. ನಾಸ್ಟಿಕರ ಬರಹಗಳ ಜೊತೆ ಇಟ್ಟು ಓದೋ ಇದರ ಹೆಸರು ಮುತ್ತಿನ ಹಾಡು. ಅದು ಬರೋದು ತೋಮನ ಕೃತ್ಯಗಳು ಅನ್ನೋ ಮೂರನೇ ಶತಮಾನದ ಪುಸ್ತಕದಲ್ಲಿ. ತೋಮ ಬಡಗಿ ಕೆಲಸಕ್ಕೆ ಆಳಾಗಿ ಮಾರಲ್ಪಟ್ಟು ಇಂಡಿಯಾಕ್ಕೆ ಬಂದ ಕಥೆಯೂ ಅದರಲ್ಲೇ ಇದೆ. ಹಾಡಿನಲ್ಲಿ ಪೂರ್ವದೇಶದ ರಾಜಕುಮಾರನೊಬ್ಬನನ್ನು ತಂದೆತಾಯಿ ಮುತ್ತು ತರೋಕೆ ಈಜಿಪ್ಟಿಗೆ ಕಳಿಸ್ತಾರೆ. ಅಲ್ಲಿಯವರ ಹಾಗೆ ಬಟ್ಟೆ ಹಾಕಿ, ಅವರ ಊಟ ಉಂಡು, ತಾನು ಯಾರು, ಬಂದಿದ್ದು ಯಾಕೆ ಅನ್ನೋದನ್ನೇ ಮರೆತು ನಿದ್ದೆ ಹೋಗ್ತಾನೆ. ಮನೆಯಿಂದ ಬಂದ ಕಾಗದ ಹದ್ದಾಗಿ ಹಾರಿಬಂದು ಎಬ್ಬಿಸುತ್ತೆ. ಮುತ್ತು ತಗೊಂಡು ಊರಿಗೆ ಹೋಗ್ತಾನೆ. ಇದನ್ನು ಓದೋಕೆ ಯಾವ ಪಿತೂರಿಯ ಕಥೆಯೂ ಬೇಕಾಗಿಲ್ಲ.

ಡಿಕ್ ಯಾವ ಮಠವನ್ನೂ ಕಟ್ಟಲಿಲ್ಲ, ಶಿಷ್ಯರನ್ನು ಮಾಡಿಕೊಳ್ಳಲಿಲ್ಲ. ಕಂಡಿದ್ದು ಬರೆದ, ಬರೆದಿದ್ದನ್ನು ಅನುಮಾನಿಸಿದ. ಪಾರ್ಶ್ವವಾಯು ಬಡಿದು 1982ರ ಮಾರ್ಚ್ 2ರಂದು ಸ್ಯಾಂಟಾ ಆನಾದಲ್ಲಿ ತೀರಿಕೊಂಡ. ವಯಸ್ಸು 53. ಬ್ಲೇಡ್ ರನ್ನರ್ ತೆರೆಗೆ ಬಂದಿದ್ದು ಅದೇ ಜೂನ್‌ನಲ್ಲಿ. ಅಸ್ಥಿಯನ್ನು ಫೋರ್ಟ್ ಮಾರ್ಗನ್‌ಗೆ ಒಯ್ದು ಜೇನ್ ಪಕ್ಕದಲ್ಲಿ ಇಟ್ಟರು. ಕಲ್ಲಿನ ಮೇಲೆ ಖಾಲಿ ಬಿಟ್ಟಿದ್ದ ಜಾಗ ತುಂಬಿತು.