ಖರಾಬಿನಲ್ಲಿ ಹರಿಯುವ ನದಿ

2010ರಲ್ಲಿ ಅಕ್ರಮ ಅದಿರು ಸಾಗಣೆಯಿಂದ ದೇಶಕ್ಕೆಲ್ಲ ಪರಿಚಯವಾದ ಬೇಲೆಕೇರಿಯ ಅಳಿವೆಯಲ್ಲಿ ನಿಂತಾಗಲೆಲ್ಲ ನನಗೆ ಫ್ರಾನ್ಸಿಸ್ ಬುಕಾನನ್ ನೆನಪಾಗುತ್ತಾನೆ. 1801ರಲ್ಲಿ ಆತ ಗೋಕರ್ಣ, ಅಂಕೋಲೆಗಳನ್ನು ಹಾದು ಕಾಳಿ ನದಿಯ ಸದಾಶಿವಗಡದತ್ತ ಸಾಗಿದ್ದು ಇದೇ ಕರಾವಳಿಯಲ್ಲಿ.

1762ರಲ್ಲಿ ಸ್ಕಾಟ್ಲೆಂಡಿನಲ್ಲಿ ಜನಿಸಿದ ಬುಕಾನನ್ ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ಓದಿ, 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇವೆಗೆ ಸೇರಿದ. ಟಿಪ್ಪುವಿನ ಪತನದ ಮರುವರ್ಷ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿದ. ಮಣ್ಣು, ನೀರು, ಬೆಳೆ, ಕಾಡು, ಕೂಲಿ, ಕಂದಾಯ ಎಲ್ಲವನ್ನೂ ಊರವರಿಂದ ಕೇಳಿ ಬರೆದುಕೊಂಡ. ಆ ದಿನಚರಿ 1807ರಲ್ಲಿ ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಅಚ್ಚಾಯಿತು. ಕಂಪನಿಗೆ ಬೇಕಿದ್ದುದು ನೆಲದ ಆದಾಯದ ಅಂದಾಜು. ಆತ ಕೊಟ್ಟದ್ದು ಅದಕ್ಕಿಂತ ದೊಡ್ಡದು.

ಮುಂದೆ ಬಂಗಾಳದ ಸಮೀಕ್ಷೆಯಲ್ಲಿ ವರ್ಷಗಳನ್ನು ಕಳೆದ ಬುಕಾನನ್, 1822ರಲ್ಲಿ ಗಂಗೆಯ ಮೀನುಗಳ ಕುರಿತ ಗ್ರಂಥ ಹೊರತಂದ. ಅಷ್ಟರಲ್ಲಿ ತಾಯಿಯ ಕಡೆಯ ಹ್ಯಾಮಿಲ್ಟನ್ ಎಂಬ ಹೆಸರನ್ನು ಸ್ವೀಕರಿಸಿದ್ದ. ರೋಹು, ಕಾಟ್ಲಾ ಮೀನುಗಳ ವೈಜ್ಞಾನಿಕ ಹೆಸರಿನ ಜೊತೆ ಇಂದಿಗೂ ಆ ಹೆಸರಿದೆ. 1829ರಲ್ಲಿ ಆತ ತೀರಿಕೊಂಡ.

ಕಂದಾಯ ದಾಖಲೆಗಳ ನಡುವೆ ಬಹುಕಾಲ ಕಳೆದ ನನಗೆ ಒಂದು ಸಂಕೋಚವಿದೆ. ನಮ್ಮ ಗ್ರಾಮನಕ್ಷೆಗಳಲ್ಲಿ ಹಳ್ಳಕೊಳ್ಳಗಳು ‘ಬಿ ಖರಾಬು’. ತೆರಿಗೆ ಬಾರದ ನೆಲವೆಂದು ನಾವು ಅದರಾಚೆ ನೋಡಲಿಲ್ಲ. ಈಗ ಜಿಐಎಸ್ ತಂತ್ರಜ್ಞಾನ ಮಣ್ಣು, ಇಳಿಜಾರು, ಕಾಡು, ಹರಿವುಗಳನ್ನು ಪದರ ಪದರವಾಗಿ ಜೋಡಿಸಿ ತೋರಿಸುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಉತ್ತರ ಕನ್ನಡದಲ್ಲಿ ಹೀಗೆ ಅಧ್ಯಯನ ನಡೆಸಿ, ಸಹಜ ಕಾಡು ದಟ್ಟವಾಗಿರುವ ಜಲಾನಯನಗಳ ತೊರೆಗಳು ವರ್ಷವಿಡೀ ಹರಿಯುತ್ತವೆಂದೂ, ಕಾಡು ಕಳೆದುಕೊಂಡವು ಬೇಸಿಗೆಯಲ್ಲಿ ಬತ್ತುತ್ತವೆಂದೂ ತೋರಿಸಿದ್ದಾರೆ. ನದಿಯನ್ನು ಎಲ್ಲಿಂದ ಉಳಿಸಬೇಕೆಂಬುದಕ್ಕೆ ಇದು ಸ್ಪಷ್ಟ ಉತ್ತರ.

ಆದರೆ ನದಿಯನ್ನು ಯಾವ ಸ್ಥಿತಿಗೆ ಮರಳಿಸಬೇಕು? 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹಲವರು ಪ್ರಾಣ ಕಳೆದುಕೊಂಡರು. ರಾಶಿ ಮಣ್ಣು ಗಂಗಾವಳಿಯ ಒಡಲು ಸೇರಿತು. ಹೂಳೆತ್ತುವುದಷ್ಟೇ ಪುನಶ್ಚೇತನವಲ್ಲ. ಮೀನು ಎಲ್ಲಿ ಮರಿ ಮಾಡುತ್ತಿತ್ತು, ಉಪ್ಪುನೀರು ಎಲ್ಲಿಯವರೆಗೆ ಏರುತ್ತಿತ್ತು ಎಂಬುದೂ ತಿಳಿಯಬೇಕು. ಭೂಮಿಯನ್ನು ಗಮನಿಸುವ ಉಪಗ್ರಹಚಿತ್ರಗಳ ನೆನಪು 1972ರಿಂದ ಈಚಿನದು. ಅದಕ್ಕೂ ಹಿಂದಿನದು ಹಳೆಯ ದಾಖಲೆಗಳಲ್ಲಿದೆ, ಗಜನಿ ಬೇಸಾಯಗಾರರ, ಮೀನುಗಾರರ ಮನೆಮಾತಿನಲ್ಲಿದೆ.

ಪರರ ಖಜಾನೆಗಾಗಿ ಬಂದ ಬುಕಾನನ್ ಜನರನ್ನು ಕೇಳಿದ. ನಮ್ಮ ನದಿಗಾಗಿ ಯೋಜನೆ ಬರೆಯುವ ನಾವು ಕೇಳದಿದ್ದರೆ, ಎಷ್ಟೇ ಪದರಗಳಿದ್ದರೂ ನಕ್ಷೆ ಅಪೂರ್ಣ.