ಕಲ್ಲನ್ನು ಓದಿದ ಬ್ರೂಸ್ ಫೂಟ್

ಹಿಮನದಿಯಿಂದ ಹೊರಟ ಹೊಳೆಗಳನ್ನೂ ಲಾವಾ ಹೆಪ್ಪುಗಟ್ಟಿದ ಮರುಭೂಮಿಯನ್ನೂ ಕಾಣಲು ಜನ ದೂರದ ಐಸ್‌ಲ್ಯಾಂಡಿಗೆ ಹೋಗುತ್ತಾರೆ. ಹಿಮ ನಮ್ಮ ಕಲಬುರ್ಗಿ ಸೀಮೆಯಲ್ಲಿಲ್ಲ. ಬೆಂಕಿಯ ಕಲ್ಲು ಧಾರಾಳವಾಗಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾ ಇಲ್ಲಿ ಕರಿಕಲ್ಲಾಗಿ, ಎರೆಮಣ್ಣಾಗಿ ಉಳಿದಿದೆ. ಅದಕ್ಕಿಂತ ಬಹಳ ಹಳೆಯದು ಭೀಮಾ ಕಣಿವೆಯ ಸುಣ್ಣಕಲ್ಲು. ಆದಿತ್ಯನಗರ, ವಾಡಿಗಳ ಸಿಮೆಂಟಿಗೂ ನಮ್ಮ ಮನೆಗಳ ಶಹಾಬಾದ್ ಹಾಸುಗಲ್ಲಿಗೂ ಅದೇ ಮೂಲ. ಈ ಶಿಲೆಗಳನ್ನು ಆರಂಭದಲ್ಲೇ ವಿವರವಾಗಿ ವರ್ಣಿಸಿದವರು ರಾಬರ್ಟ್ ಬ್ರೂಸ್ ಫೂಟ್.

1834ರಲ್ಲಿ ಜನಿಸಿದ ಫೂಟ್, 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯನ್ನು ಸೇರಿದರು. ಶಿಲಾಪದರಗಳನ್ನು ನಕ್ಷೆಗೆ ಇಳಿಸುವುದು ಅವರ ಸರ್ಕಾರಿ ಕರ್ತವ್ಯ. ಅದೇ ನೆಲದಲ್ಲಿ ಆದಿಮಾನವನ ಕೈಗುರುತನ್ನು ಹುಡುಕುವುದು ಸ್ವಂತ ಆಸಕ್ತಿ. 1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರದ ಜಲ್ಲಿಗುಂಡಿಯೊಂದರಲ್ಲಿ ಅವರು ಮನುಷ್ಯ ಕೆತ್ತಿದ ಕಲ್ಲಿನ ಕೈಗೊಡಲಿಯನ್ನು ಗುರುತಿಸಿದರು. ಇಂಥ ಉಪಕರಣಗಳ ಪ್ರಾಚೀನತೆಯನ್ನು ಯುರೋಪಿನ ವಿದ್ವಾಂಸರು ಒಪ್ಪಿ ಆಗ ನಾಲ್ಕೇ ವರ್ಷಗಳಾಗಿದ್ದವು. ಭಾರತದ ಪ್ರಾಗಿತಿಹಾಸದ ಅಧ್ಯಯನಕ್ಕೆ ಅಲ್ಲಿ ಬುನಾದಿ ಬಿತ್ತು.

ಮುಂದಿನ ವರ್ಷಗಳಲ್ಲಿ ಕರ್ನಾಟಕವೇ ಅವರ ಮುಖ್ಯ ಕಾರ್ಯಕ್ಷೇತ್ರಗಳಲ್ಲಿ ಒಂದಾಯಿತು. ಗೋಕಾಕ ಸಮೀಪ ದೊರೆತ ಖಡ್ಗಮೃಗದ ಪಳೆಯುಳಿಕೆಯನ್ನು 1874ರಲ್ಲಿ ಲೋಕಕ್ಕೆ ಪರಿಚಯಿಸಿದರು. ದಕ್ಷಿಣ ಮರಾಠಾ ಸೀಮೆಯ ಭೂರಚನೆಯನ್ನು ಕುರಿತ ವರದಿ 1876ರಲ್ಲಿ ಪ್ರಕಟವಾಯಿತು. ಭೀಮಾ ಶಿಲಾಶ್ರೇಣಿಯ ವರ್ಣನೆ ಇರುವುದು ಅದರಲ್ಲೇ. ಚಿನ್ನದ ಅದಿರಿಗೆ ಹೆಸರಾದ ಶಿಲಾಸಮೂಹಕ್ಕೆ ಧಾರವಾಡದ ಹೆಸರಿಟ್ಟವರೂ ಅವರೇ. 1891ರಲ್ಲಿ ನಿವೃತ್ತರಾದ ಮೇಲೂ ಅವರು ವಿಶ್ರಮಿಸಲಿಲ್ಲ. 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಸ್ಥಾಪನೆಯಾದಾಗ ಅದರ ಮೊದಲ ಮುಖ್ಯಸ್ಥರಾದರು. ನಾನೂರಕ್ಕೂ ಹೆಚ್ಚು ನೆಲೆಗಳಿಂದ ಕೂಡಿಸಿದ ಅವರ ಸಂಗ್ರಹ 1904ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯ ಸೇರಿತು. 1912ರಲ್ಲಿ ಅವರು ನಿಧನರಾದ ಬಳಿಕ ಆ ಸಂಗ್ರಹದ ಸೂಚಿ ಅಚ್ಚಾಯಿತು. ಯಾವ ವಸ್ತು ಯಾವ ಊರಿನದೆಂದು ಇಂದಿಗೂ ತಿಳಿಯುವುದು ಆ ಶಿಸ್ತಿನಿಂದ.

ಅವರು ತೋರಿದ ದಾರಿಯಲ್ಲಿ ನಡೆದ ಕೆ. ಪದ್ದಯ್ಯನವರು ಹುಣಸಗಿ ಬಳಿಯ ಇಸಾಂಪುರದಲ್ಲಿ ಆದಿಮಾನವರ ಕಲ್ಲುಗಣಿಯನ್ನೇ ಪತ್ತೆಹಚ್ಚಿದರು. ಸುಮಾರು 12 ಲಕ್ಷ ವರ್ಷಗಳ ಹಿಂದೆ ಅಲ್ಲಿ ಉಪಕರಣಗಳಾದದ್ದು ಇದೇ ಭೀಮಾ ಶ್ರೇಣಿಯ ಸುಣ್ಣಕಲ್ಲು.

ಸೇವೆಯಲ್ಲಿದ್ದಾಗ ನನ್ನ ಮೇಜಿನ ಮೇಲೆ ಹಾದುಹೋದ ಗಣಿ ಗುತ್ತಿಗೆಯ ಕಡತಗಳಲ್ಲಿ ಎಕರೆ, ಟನ್ನು, ರಾಜಧನಗಳ ಲೆಕ್ಕ ತಪ್ಪದೆ ಇರುತ್ತಿತ್ತು. ಆ ಹೊಲದ ಮೇಲೆ ಹಳೆಯ ಕಲ್ಲಿನ ಉಪಕರಣವೇನಾದರೂ ಬಿದ್ದಿದೆಯೇ ಎಂಬ ಪ್ರಶ್ನೆ ಇರುತ್ತಿರಲಿಲ್ಲ. ಸಿಮೆಂಟು ಬೇಡವೆನ್ನಲು ನಾನು ಅರ್ಥಶಾಸ್ತ್ರ ಓದಿಲ್ಲ. ಈ ಬಿಸಿಲುನಾಡಿನ ಸಾವಿರಾರು ಮನೆಗಳ ಒಲೆ ಉರಿಯುವುದು ಅದರಿಂದಲೇ. ಆದರೆ ಬೆಲೆಯಿಲ್ಲದ ವಸ್ತು ಲೆಕ್ಕಕ್ಕೆ ಸಿಗದು, ಲೆಕ್ಕಕ್ಕೆ ಸಿಗದ್ದು ಮೊದಲು ನಾಶವಾಗುತ್ತದೆ. ಗುತ್ತಿಗೆ ಕೊಡುವ ಮುನ್ನ ಪುರಾತತ್ತ್ವ ಬಲ್ಲವರೊಬ್ಬರು ಆ ನೆಲದ ಮೇಲೆ ನಡೆದು ಬರುವಂತೆ ನಿಯಮ ಮಾಡಿದರೆ ಆಗುವ ಖರ್ಚು ಅತ್ಯಲ್ಪ. ಫೂಟ್ ತಮ್ಮ ಆಯುಷ್ಯದುದ್ದಕ್ಕೂ ಮಾಡಿದ್ದು ಆ ಕೆಲಸವನ್ನೇ. ಯಂತ್ರದ ಬಾಯಿಗೆ ಬಿದ್ದು ಪುಡಿಯಾದ ಕಲ್ಲನ್ನು ಮತ್ತೆ ಯಾರೂ ಓದಲಾರರು.