ವಿ. ಎಂ. ಘಾಟಗೆ

ವಿಷ್ಣು ಮಾಧವ ಘಾಟಗೆ (24 ಅಕ್ಟೋಬರ್ 1908 – 6 ಡಿಸೆಂಬರ್ 1991) ಭಾರತದ ವಿಮಾನಶಾಸ್ತ್ರ ಎಂಜಿನಿಯರ್ ಹಾಗೂ ವಿಮಾನ ವಿನ್ಯಾಸಕರು. ಭಾರತದಲ್ಲಿಯೇ ವಿನ್ಯಾಸಗೊಂಡು ಸಾಲು ಉತ್ಪಾದನೆಗೆ ಬಂದ ಮೊದಲ ಎಂಜಿನ್ ಸಹಿತ ವಿಮಾನವಾದ ಎಚ್‌ಟಿ-2 ಇವರ ನೇತೃತ್ವದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ರೂಪುಗೊಂಡಿತು. ಪುಷ್ಪಕ್, ಕೃಷಕ್ ಮತ್ತು ಕಿರಣ್ ವಿಮಾನಗಳೂ ಇವರ ಹೆಸರಿನೊಂದಿಗೆ ಸೇರಿಕೊಂಡಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರದ ಬೋಧನೆ ಆರಂಭವಾಗುವುದಕ್ಕೂ ಇವರು ಕಾರಣರಾದರು. ಇವರು ರೂಪಿಸಿದ ವಿಮಾನಗಳ ಒಡಲು ಮತ್ತು ರೆಕ್ಕೆಗಳು ಬೆಂಗಳೂರಿನವು. ಎಂಜಿನ್‌ಗಳು ಮಾತ್ರ ಹೊರದೇಶದ ವಿನ್ಯಾಸಗಳು. ದೊರೆಯುವ ಎಂಜಿನುಗಳ ಪೈಕಿ ಯಾವುದನ್ನು ಆರಿಸಬೇಕು, ಅದಕ್ಕೆ ತಕ್ಕ ವಿಮಾನವನ್ನು ಹೇಗೆ ಕಟ್ಟಬೇಕು ಎಂಬ ಪ್ರಶ್ನೆ ಇವರ ವೃತ್ತಿಜೀವನದುದ್ದಕ್ಕೂ ಇತ್ತು.

ಜನನ ಮತ್ತು ವಿದ್ಯಾಭ್ಯಾಸ

ಘಾಟಗೆಯವರು ಇಂದಿನ ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಹಸೂರಚಂಪು ಗ್ರಾಮದಲ್ಲಿ ಜನಿಸಿದರು. ಬೆಳಗಾವಿ ಜಿಲ್ಲೆಗೆ ತಾಗಿಕೊಂಡಿರುವ ಗಡಹಿಂಗ್ಲಜ ತಾಲ್ಲೂಕಿನ ಈ ಭಾಗದಲ್ಲಿ ಮರಾಠಿಯೊಂದಿಗೆ ಕನ್ನಡವೂ ಬಳಕೆಯಲ್ಲಿದೆ. ಮುಂಬಯಿ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿ ಪಡೆದ ಮೇಲೆ ಉನ್ನತ ವ್ಯಾಸಂಗಕ್ಕಾಗಿ ಜರ್ಮನಿಯ ಗಟಿಂಗನ್ ವಿಶ್ವವಿದ್ಯಾಲಯಕ್ಕೆ ತೆರಳಿದರು. ಅಲ್ಲಿ ಲುಡ್ವಿಗ್ ಪ್ರಾಂಟ್ಲ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿ 1936ರಲ್ಲಿ ಡಾಕ್ಟರೇಟ್ ಪಡೆದರು.

ಪ್ರಾಂಟ್ಲ್ ಆಧುನಿಕ ವಾಯುಚಲನಶಾಸ್ತ್ರದ ಸ್ಥಾಪಕರಲ್ಲೊಬ್ಬರು. ಹರಿಯುವ ಗಾಳಿ ರೆಕ್ಕೆಯ ಮೇಲ್ಮೈಯನ್ನು ಸೋಕುವಲ್ಲಿ ತೆಳುವಾದ ಒಂದು ಪದರ ನಿಧಾನಗೊಳ್ಳುತ್ತದೆ, ವಿಮಾನದ ಮೇಲೆ ಬೀಳುವ ಎಳೆತದ ಬಹುಭಾಗವನ್ನು ಈ ಪದರವೇ ನಿರ್ಧರಿಸುತ್ತದೆ ಎಂಬ ಸೀಮಾಪದರ ಸಿದ್ಧಾಂತವನ್ನು ಅವರು 1904ರಲ್ಲಿ ಮಂಡಿಸಿದ್ದರು. ಎಳೆತ ಎಷ್ಟೆಂದು ತಿಳಿದರೆ ಅದನ್ನು ಮೀರಲು ಬೇಕಾದ ಶಕ್ತಿಯೂ ತಿಳಿಯುತ್ತದೆ. ಎಂಜಿನ್ ಆಯ್ಕೆಯ ಲೆಕ್ಕ ಶುರುವಾಗುವುದು ಇಲ್ಲಿಂದಲೇ.

ಬೆಂಗಳೂರಿಗೆ ಆಗಮನ

ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಯೋಗದೊಂದಿಗೆ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಘಾಟಗೆಯವರು ಆರಂಭದಲ್ಲಿಯೇ ಈ ಕಂಪನಿಯನ್ನು ಸೇರಿದರು. ಎರಡನೆಯ ಮಹಾಯುದ್ಧದ ಕಾಲವದು. ಅಮೆರಿಕದಿಂದ ಬಂದ ಬಿಡಿಭಾಗಗಳನ್ನು ಜೋಡಿಸಿ ಹಾರ್ಲೋ ತರಬೇತಿ ವಿಮಾನವನ್ನು 1941ರಲ್ಲಿ ಹಾರಿಸಲಾಯಿತು. ಅನಂತರ ಕರ್ಟಿಸ್ ಹಾಕ್ ಯುದ್ಧವಿಮಾನದ ಸರದಿ ಬಂತು. 1943ರಿಂದ ಕಾರ್ಖಾನೆಯು ಅಮೆರಿಕದ ಸೇನಾ ವಾಯುಪಡೆಯ ಆಡಳಿತದಡಿ ದುರಸ್ತಿ ಕೇಂದ್ರವಾಗಿ ಮಾರ್ಪಟ್ಟಿತು. ಸಾವಿರಾರು ಎಂಜಿನುಗಳು ಬೆಂಗಳೂರಿನಲ್ಲಿ ಬಿಚ್ಚಲ್ಪಟ್ಟು, ಶುದ್ಧಗೊಂಡು, ಮತ್ತೆ ಜೋಡಣೆಯಾಗಿ ಹೊರಬಿದ್ದವು. ಎಂಜಿನ್ ದುರಸ್ತಿಯಲ್ಲಿ ಇಷ್ಟು ನುರಿತ ಕೈಗಳು ಇದ್ದ ಊರಿನಲ್ಲಿ ಸ್ವಂತ ಎಂಜಿನ್ ವಿನ್ಯಾಸ ಮಾತ್ರ ಆಗ ಇರಲಿಲ್ಲ.

ಈ ಅವಧಿಯಲ್ಲಿ ಘಾಟಗೆಯವರು ವಿನ್ಯಾಸಗೊಳಿಸಿದ ಜಿ-1 ಎಂಬುದು ಹತ್ತು ಮಂದಿ ಸೈನಿಕರನ್ನು ಒಯ್ಯಬಲ್ಲ ಗ್ಲೈಡರ್. ಗ್ಲೈಡರ್ ಎಂದರೆ ಎಂಜಿನ್ ಇಲ್ಲದ ವಿಮಾನ. ಬೇರೊಂದು ವಿಮಾನ ಅದನ್ನು ಹಗ್ಗದಿಂದ ಎಳೆದು ಮೇಲಕ್ಕೊಯ್ದು ಬಿಡುತ್ತದೆ. ಜಿ-1 ಒಂದೇ ಒಂದು ತಯಾರಾಯಿತು, ಸಾಲು ಉತ್ಪಾದನೆ ನಡೆಯಲಿಲ್ಲ.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ

1942ರ ಡಿಸೆಂಬರ್‌ನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರ ಎಂಜಿನಿಯರಿಂಗ್ ವಿಭಾಗ ಆರಂಭವಾಯಿತು. ಅದರ ಸ್ಥಾಪನೆಯಲ್ಲಿ ಘಾಟಗೆಯವರು ಮುಖ್ಯ ಪಾತ್ರ ವಹಿಸಿದರು. ವಿಮಾನ ಕಟ್ಟುವ ಕಾರ್ಖಾನೆಗೆ ವಿಮಾನ ಬಲ್ಲ ಎಂಜಿನಿಯರುಗಳು ಬೇಕಿತ್ತು, ಅವರನ್ನು ತಯಾರಿಸುವ ವಿಭಾಗ ದೇಶದಲ್ಲಿ ಇರಲಿಲ್ಲ. ಕಾರ್ಖಾನೆ ಮತ್ತು ಸಂಸ್ಥೆಯ ನಡುವೆ ಅಂದು ಬೆಸೆದ ಸಂಬಂಧ ಬೆಂಗಳೂರನ್ನು ಭಾರತದ ವಿಮಾನಶಾಸ್ತ್ರದ ಕೇಂದ್ರವನ್ನಾಗಿ ಮಾಡಿತು. ಮುಂದೆ ಸತೀಶ್ ಧವನ್ ಅವರು 1955ರಲ್ಲಿ ಇದೇ ವಿಭಾಗದ ಮುಖ್ಯಸ್ಥರಾದರು.

ಎಚ್‌ಟಿ-2

ಸ್ವಾತಂತ್ರ್ಯದ ಹೊತ್ತಿಗೆ ಭಾರತದ ಪೈಲಟ್‌ಗಳು ಮೊದಲ ಪಾಠ ಕಲಿಯುತ್ತಿದ್ದುದು ಟೈಗರ್ ಮಾತ್ ಎಂಬ ಬ್ರಿಟಿಷ್ ವಿಮಾನದಲ್ಲಿ. ಅದು ಬಟ್ಟೆ ಹೊದಿಸಿದ ಜೋಡಿ ರೆಕ್ಕೆಯ ವಿಮಾನ. ಅದಕ್ಕೆ ಬದಲಾಗಿ ಪೂರ್ಣ ಲೋಹದ, ಒಂಟಿ ರೆಕ್ಕೆಯ ತರಬೇತಿ ವಿಮಾನವೊಂದನ್ನು ರೂಪಿಸುವ ಕೆಲಸ ಘಾಟಗೆಯವರ ತಂಡಕ್ಕೆ ಬಂತು. ಅಷ್ಟರಲ್ಲಿ ಅವರು ಕಂಪನಿಯ ಮುಖ್ಯ ವಿನ್ಯಾಸಕರಾಗಿದ್ದರು.

ಎಚ್‌ಟಿ-2ರ ಮೊದಲ ಮಾದರಿ 1951ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಹಾರಿತು. ಅದನ್ನು ಹಾರಿಸಿದವರು ಕ್ಯಾಪ್ಟನ್ ಜಮ್ಷೇದ್ ಮುನ್ಷಿ. ಆ ವಿಮಾನದಲ್ಲಿದ್ದುದು ಡಿ ಹ್ಯಾವಿಲೆಂಡ್ ಕಂಪನಿಯ 145 ಅಶ್ವಶಕ್ತಿಯ ಜಿಪ್ಸಿ ಮೇಜರ್ ಎಂಜಿನ್. ವಿನ್ಯಾಸಕ್ಕೆಂದು ನಿಗದಿಯಾಗಿದ್ದ ಎಂಜಿನ್ ಅದಲ್ಲ, 155 ಅಶ್ವಶಕ್ತಿಯ ಸಿರಸ್ ಮೇಜರ್. ಸಿರಸ್ ಅಳವಡಿಸಿದ ಎರಡನೆಯ ಮಾದರಿ 1952ರ ಫೆಬ್ರವರಿಯಲ್ಲಿ ಹಾರಿತು, ಸಾಲು ಉತ್ಪಾದನೆಯಲ್ಲಿ ಬಳಕೆಯಾದದ್ದೂ ಅದೇ.

ಈ ಎರಡೂ ಎಂಜಿನುಗಳು ಒಂದೇ ಬಗೆಯವು. ನಾಲ್ಕು ಸಿಲಿಂಡರುಗಳು ಒಂದರ ಹಿಂದೊಂದು ಸಾಲಾಗಿ, ತಲೆಕೆಳಗಾಗಿ ನಿಂತಿರುತ್ತವೆ, ಗಾಳಿಯಿಂದಲೇ ತಣಿಯುತ್ತವೆ. ತಲೆಕೆಳಗಾದ ಜೋಡಣೆಯಿಂದ ಎರಡು ಅನುಕೂಲಗಳಿವೆ. ಪ್ರೊಪೆಲರ್ ತಿರುಗಿಸುವ ದಂಡ ಎತ್ತರದಲ್ಲಿ ಉಳಿಯುವುದರಿಂದ ಪ್ರೊಪೆಲರಿನ ತುದಿ ನೆಲಕ್ಕೆ ತಾಗುವ ಭಯ ಕಡಿಮೆ. ಸಿಲಿಂಡರುಗಳು ಕೆಳಗಿರುವುದರಿಂದ ಪೈಲಟ್‌ಗೆ ಮುಂದಿನ ದಾರಿ ಚೆನ್ನಾಗಿ ಕಾಣುತ್ತದೆ. ಹಿಂಬದಿಯ ಚಕ್ರದ ಮೇಲೆ ಬಾಲ ಊರಿ, ಮೂತಿ ಎತ್ತಿ ನಿಲ್ಲುವ ಎಚ್‌ಟಿ-2ರಂಥ ವಿಮಾನದಲ್ಲಿ, ಅದೂ ಹೊಸಬರು ಕಲಿಯುವಾಗ, ಇದು ಸಣ್ಣ ಸಂಗತಿಯಲ್ಲ.

ಎಚ್‌ಟಿ-2ರ ರೆಕ್ಕೆಯ ಹರವು ಸುಮಾರು 10.7 ಮೀಟರ್, ತುಂಬಿದ ತೂಕ 1,016 ಕಿಲೋಗ್ರಾಂ, ಗರಿಷ್ಠ ವೇಗ ಗಂಟೆಗೆ ಸುಮಾರು 209 ಕಿಲೋಮೀಟರ್. 150ಕ್ಕೂ ಹೆಚ್ಚು ವಿಮಾನಗಳು ತಯಾರಾಗಿ ಭಾರತೀಯ ವಾಯುಪಡೆ, ನೌಕಾಪಡೆ ಮತ್ತು ನಾಗರಿಕ ತರಬೇತಿ ಕೇಂದ್ರಗಳನ್ನು ಸೇರಿದವು. ಆಗತಾನೆ ಸ್ಥಾಪನೆಗೊಂಡಿದ್ದ ಘಾನಾ ದೇಶದ ವಾಯುಪಡೆಗೂ 12 ವಿಮಾನಗಳು ಹೋದವು. ವಾಯುಪಡೆಯ ಹಲವು ತಲೆಮಾರಿನ ಪೈಲಟ್‌ಗಳು ಮೊದಲ ಬಾರಿಗೆ ಒಬ್ಬರೇ ಆಕಾಶಕ್ಕೇರಿದ್ದು ಇದರಲ್ಲಿ. ವಿಮಾನದ ಒಡಲು ಎಂಜಿನಿಗಿಂತ ಹೆಚ್ಚು ಕಾಲ ಬಾಳಿತು. ಬಳಕೆಯ ಕೊನೆಯ ವರ್ಷಗಳಲ್ಲಿ ಕೆಲವು ಎಚ್‌ಟಿ-2ಗಳಿಗೆ ಸಿರಸ್ ತೆಗೆದು ಅಮೆರಿಕದ ಲೈಕಾಮಿಂಗ್ ಎಂಜಿನ್ ಹಾಕಲಾಯಿತು.

ಪುಷ್ಪಕ್ ಮತ್ತು ಕೃಷಕ್

1958ರಲ್ಲಿ ಹಾರಿದ ಪುಷ್ಪಕ್, ಫ್ಲೈಯಿಂಗ್ ಕ್ಲಬ್ಬುಗಳಿಗೆಂದು ರೂಪುಗೊಂಡ ಹಗುರ ವಿಮಾನ. ಇದರ ರೆಕ್ಕೆ ಚಾಲಕನ ತಲೆಯ ಮೇಲ್ಭಾಗದಲ್ಲಿದೆ, ಇಬ್ಬರು ಅಕ್ಕಪಕ್ಕ ಕೂರುತ್ತಾರೆ. ಇದರ ರಚನೆ ಅಮೆರಿಕದ ಏರೋಂಕಾ ಚೀಫ್ ವಿಮಾನವನ್ನು ಬಹುಮಟ್ಟಿಗೆ ಹೋಲುತ್ತದೆ. ಹೀಗಾಗಿ ಎಚ್‌ಟಿ-2ನ್ನು ಸ್ವದೇಶಿ ಎನ್ನುವ ಅರ್ಥದಲ್ಲಿಯೇ ಪುಷ್ಪಕ್ ಅನ್ನು ಸ್ವದೇಶಿ ಎನ್ನುವುದು ಕಷ್ಟ. ಎಂಜಿನ್ 90 ಅಶ್ವಶಕ್ತಿಯ ಕಾಂಟಿನೆಂಟಲ್. ಇದೇ ಶಕ್ತಿಯ ಎಂಜಿನ್ ಒಂದನ್ನು ಬೆಂಗಳೂರಿನಲ್ಲಿಯೇ ತಯಾರಿಸುವ ಪ್ರಯತ್ನವೂ ನಡೆಯಿತಾದರೂ ಕ್ಲಬ್ಬುಗಳಿಗೆ ಹೋದ ಪುಷ್ಪಕ್‌ಗಳು ಕಾಂಟಿನೆಂಟಲ್ ಎಂಜಿನಿನಿಂದಲೇ ಹಾರಿದವು.

1959ರಲ್ಲಿ ಹಾರಿದ ಕೃಷಕ್ ಪುಷ್ಪಕ್‌ನ ದೊಡ್ಡ ರೂಪ. ಭೂಸೇನೆಯ ಫಿರಂಗಿ ದಳಕ್ಕೆ ಮೇಲಿನಿಂದ ಗುರಿ ನೋಡಿ ಹೇಳುವುದು ಇದರ ಕೆಲಸ. ಸಣ್ಣ ಬಯಲಿನಿಂದ ಬೇಗ ಮೇಲೇರಬೇಕಾದ್ದರಿಂದ ಇದಕ್ಕೆ ಆರು ಸಿಲಿಂಡರಿನ 225 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್ ಆಯ್ಕೆಯಾಯಿತು.

ಈ ಮೂರು ವಿಮಾನಗಳ ತುಂಬಿದ ತೂಕವನ್ನು ಅಶ್ವಶಕ್ತಿಯಿಂದ ಭಾಗಿಸಿ ನೋಡಿದರೆ ಆಯ್ಕೆಯ ತರ್ಕ ತಿಳಿಯುತ್ತದೆ. ಎಚ್‌ಟಿ-2ರಲ್ಲಿ ಒಂದು ಅಶ್ವಶಕ್ತಿ ಸುಮಾರು 6.6 ಕಿಲೋಗ್ರಾಂ ಹೊರುತ್ತದೆ. 612 ಕಿಲೋಗ್ರಾಂ ತೂಗುವ ಪುಷ್ಪಕ್‌ನಲ್ಲಿ 6.8. ಸುಮಾರು 1,270 ಕಿಲೋಗ್ರಾಂ ತೂಗುವ ಕೃಷಕ್‌ನಲ್ಲಿ ಆ ಹೊರೆ 5.6ಕ್ಕೆ ಇಳಿಯುತ್ತದೆ. ನೆಮ್ಮದಿಯಾಗಿ ಹಾರಿದರೆ ಸಾಕಾದ ವಿಮಾನಕ್ಕೂ ಇಕ್ಕಟ್ಟಿನಿಂದ ಎದ್ದು ಹೋಗಬೇಕಾದ ವಿಮಾನಕ್ಕೂ ಇರುವ ಅಂತರ ಇದೇ.

ರೇಡಿಯೋ ನಿಯಂತ್ರಿತ ಮಾದರಿ ವಿಮಾನಕ್ಕೆ ಗ್ಲೋ ಎಂಜಿನ್ ಆರಿಸುವವರು ಮಾಡುವುದೂ ಇಂಥದೇ ಲೆಕ್ಕ. ಅಲ್ಲಿ ಎಂಜಿನನ್ನು ಗುರುತಿಸುವುದು ಅಶ್ವಶಕ್ತಿಯಿಂದಲ್ಲ, ಸಿಲಿಂಡರಿನ ಗಾತ್ರದಿಂದ. ಸುಮಾರು ಎರಡೂವರೆ ಕಿಲೋಗ್ರಾಂ ತೂಗುವ ಕಲಿಕೆಯ ಮಾದರಿಗೆ 0.40 ಘನ ಅಂಗುಲದ, ಎಂದರೆ ಸುಮಾರು 6.5 ಸಿಸಿಯ ಎರಡು ಸ್ಟ್ರೋಕ್ ಎಂಜಿನ್ ಬಳಕೆಯಲ್ಲಿದೆ. ನಾಲ್ಕು ಸ್ಟ್ರೋಕಿನದಾದರೆ ಇನ್ನೂ ದೊಡ್ಡ ಗಾತ್ರ ಬೇಕು. ಗ್ಲೋ ಎಂಜಿನಿನ ತಲೆಯಲ್ಲಿ ಪ್ಲಾಟಿನಂ ಮಿಶ್ರಲೋಹದ ತಂತಿಸುರುಳಿಯಿರುವ ಪ್ಲಗ್ ಇರುತ್ತದೆ. ಚಾಲೂ ಮಾಡುವಾಗ ಅದನ್ನು ಬ್ಯಾಟರಿಯಿಂದ ಕಾಯಿಸಿದರೆ, ಅನಂತರ ಮೆಥನಾಲ್ ಇಂಧನ ಮತ್ತು ಪ್ಲಾಟಿನಂ ನಡುವಿನ ವೇಗವರ್ಧಕ ಕ್ರಿಯೆ ಹಾಗೂ ದಹನದ ಶಾಖದಿಂದ ತಾನಾಗಿಯೇ ಕೆಂಪಗೆ ಉಳಿಯುತ್ತದೆ. ಪ್ಲಗ್ ಇಲ್ಲದೆ, ತಲೆಯ ಮೇಲೆ ಒತ್ತಡ ಹೊಂದಿಸುವ ತಿರುಪು ಇದ್ದರೆ ಅದು ಮಾದರಿ ಡೀಸೆಲ್ ಎಂಜಿನ್. ಮಾದರಿ ವಿಮಾನಕ್ಕೆ ತೂಕದ ಹೋಲಿಕೆಯಲ್ಲಿ ಪೂರ್ಣ ಗಾತ್ರದ ವಿಮಾನಕ್ಕಿಂತ ಬಹಳ ಹೆಚ್ಚು ಶಕ್ತಿ ಕೊಡುವುದು ವಾಡಿಕೆ. ಸಣ್ಣ ರೆಕ್ಕೆಯ ಮೇಲೆ ಪ್ರಾಂಟ್ಲ್ ಹೇಳಿದ ಸೀಮಾಪದರ ರೆಕ್ಕೆಯ ಅಳತೆಗೆ ಹೋಲಿಸಿದರೆ ದಪ್ಪವಾಗಿರುವುದರಿಂದ ಎಳೆತವೂ ಅದೇ ಪ್ರಮಾಣದಲ್ಲಿ ಹೆಚ್ಚು. ದೊಡ್ಡ ವಿಮಾನದ ಅಂಕಿಗಳನ್ನು ನೇರವಾಗಿ ಕುಗ್ಗಿಸಿ ಮಾದರಿಗೆ ಎಂಜಿನ್ ಆರಿಸಿದರೆ ಲೆಕ್ಕ ತಪ್ಪುತ್ತದೆ.

ಕಿರಣ್

ಜೆಟ್ ತರಬೇತಿ ವಿಮಾನವಾದ ಎಚ್‌ಜೆಟಿ-16 ಕಿರಣ್ 1964ರ ಸೆಪ್ಟೆಂಬರ್ 4ರಂದು ಮೊದಲ ಬಾರಿಗೆ ಹಾರಿತು. ಇದರಲ್ಲಿ ಗುರು ಮತ್ತು ಶಿಷ್ಯ ಅಕ್ಕಪಕ್ಕ ಕೂರುತ್ತಾರೆ. ಎಂಜಿನ್ ಬ್ರಿಟನ್ನಿನ ವೈಪರ್. ಈ ಎಂಜಿನಿನ ಹಿನ್ನೆಲೆ ಕುತೂಹಲಕರವಾದುದು. ಪೈಲಟ್ ಇಲ್ಲದೆ ರೇಡಿಯೋ ನಿಯಂತ್ರಣದಲ್ಲಿ ಹಾರುವ, ಗುಂಡಿನ ಅಭ್ಯಾಸಕ್ಕೆ ಗುರಿಯಾಗುವ ಜಿಂಡಿವಿಕ್ ವಿಮಾನಕ್ಕೆಂದು, ಕೆಲವೇ ಗಂಟೆ ಬಾಳಿದರೆ ಸಾಕೆಂದು ಮೊದಲು ರೂಪಿಸಿದ ಎಂಜಿನ್ ಅದು. ಬಾಳಿಕೆಯನ್ನು ಹೆಚ್ಚಿಸಿದ ಮೇಲೆ ಹಲವು ದೇಶಗಳ ತರಬೇತಿ ವಿಮಾನಗಳಲ್ಲಿ ನೆಲೆಯಾಯಿತು.

ವೈಪರ್‌ಗೆ ಸಮಾನವಾಗಿ 2,500 ಪೌಂಡ್ ನೂಕುಬಲದ ಎಚ್‌ಜೆಇ-2500 ಎಂಬ ಜೆಟ್ ಎಂಜಿನ್ ಬೆಂಗಳೂರಿನಲ್ಲಿ ವಿನ್ಯಾಸಗೊಂಡಿತು. ಅದು ಕಿರಣ್‌ನ ಉತ್ಪಾದನೆಯೊಳಗೆ ಬರಲಿಲ್ಲ. 1957ರಲ್ಲಿ ಆರಂಭವಾದ ಎಂಜಿನ್ ಕಾರ್ಖಾನೆಯು ಬ್ರಿಟನ್ನಿನ ಆರ್ಫಿಯಸ್ ಎಂಜಿನನ್ನು ಪರವಾನಗಿಯ ಮೇಲೆ ತಯಾರಿಸುತ್ತಿತ್ತು. ಕಿರಣ್‌ನ ಎರಡನೆಯ ಆವೃತ್ತಿ 1976ರಲ್ಲಿ ಆರ್ಫಿಯಸ್‌ನೊಂದಿಗೆ ಹಾರಿತು. ವಾಯುಪಡೆಯ ಸೂರ್ಯಕಿರಣ್ ಪ್ರದರ್ಶನ ತಂಡ 1996ರಲ್ಲಿ ಆರಂಭವಾದಾಗ ಬಳಸಿದ್ದು ಈ ಆವೃತ್ತಿಯನ್ನು.

ಇದೇ ಕಾಲದಲ್ಲಿ ಬೆಂಗಳೂರಿನಲ್ಲಿ ಜರ್ಮನ್ ವಿನ್ಯಾಸಕ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಮರುತ್ ಯುದ್ಧವಿಮಾನ ರೂಪುಗೊಂಡು 1961ರ ಜೂನ್ 17ರಂದು ಹಾರಿತು. ಅದಕ್ಕೆಂದು ಬಯಸಿದ್ದ ಹೆಚ್ಚು ಬಲದ ಎಂಜಿನ್ ಕೊನೆಗೂ ದೊರೆಯಲಿಲ್ಲ, ಮರುತ್ ತನ್ನ ಒಡಲು ತಾಳಬಲ್ಲ ವೇಗವನ್ನು ಎಂದೂ ಮುಟ್ಟಲಿಲ್ಲ. ಘಾಟಗೆಯವರ ವಿಮಾನಗಳು ಇಂಥ ಇಕ್ಕಟ್ಟಿಗೆ ಸಿಲುಕಲಿಲ್ಲ. ಮಾರುಕಟ್ಟೆಯಲ್ಲಿ ಅದಾಗಲೇ ಸಿದ್ಧವಾಗಿದ್ದ, ಬೇರೆ ವಿಮಾನಗಳಲ್ಲಿ ಪಳಗಿದ ಎಂಜಿನುಗಳ ಸುತ್ತ ಅವು ರೂಪುಗೊಂಡಿದ್ದವು. ಗುರಿ ಚಿಕ್ಕದಾಗಿತ್ತು ಎಂಬುದೂ ನಿಜ.

ಪ್ರಶಸ್ತಿ ಮತ್ತು ನಿಧನ

ಭಾರತ ಸರ್ಕಾರ 1965ರಲ್ಲಿ ಘಾಟಗೆಯವರಿಗೆ ಪದ್ಮಶ್ರೀ ಪ್ರಶಸ್ತಿ ನೀಡಿತು. ಅವರು 1991ರ ಡಿಸೆಂಬರ್ 6ರಂದು ತಮ್ಮ 83ನೆಯ ವಯಸ್ಸಿನಲ್ಲಿ ನಿಧನರಾದರು. ಭಾರತೀಯ ವಿಮಾನಶಾಸ್ತ್ರ ಸಂಘವು ಇವರ ಹೆಸರಿನಲ್ಲಿ ಪ್ರಶಸ್ತಿಯೊಂದನ್ನು ನೀಡುತ್ತದೆ. ಬೆಂಗಳೂರಿನ ಎಚ್‌ಎಎಲ್ ಆವರಣದ ಸಮಾವೇಶ ಭವನಕ್ಕೂ ಘಾಟಗೆಯವರ ಹೆಸರಿದೆ.